ಸೈನಿಕರ ಮನೆಯವರಿಗೆ ಟ್ರಾಮಾ ಟ್ರೀಟ್‌ಮೆಂಟ್: ವಿಎ, ಟ್ರೈಕೇರ್, ಚಾಂಪ್‌ವಿಎ ಇದ್ರಲ್ಲಿ ಯಾವುದು ಯಾರಿಗೆ, ಎಲ್ಲಿಂದ ಶುರು ಮಾಡೋದು

ಮನೆಯಲ್ಲಿ ಒಬ್ರು ಅಮೆರಿಕದ ಸೈನ್ಯದಲ್ಲಿದ್ದಾರೆ ಅಥವಾ ಇದ್ದು ಬಂದಿದ್ದಾರೆ, ರಾತ್ರಿ ನಿದ್ದೆ ಇಲ್ಲ, ಸಣ್ಣ ಸದ್ದಿಗೂ ಬೆಚ್ಚಿ ಬೀಳ್ತಾರೆ, ಜನ ಸೇರೋ ಕಡೆ ಬರಲ್ಲ ಅಂತಾರೆ, ಮಾತು ಮಾತಿಗೂ ಸಿಡುಕು, ಹೆಂಡ್ತಿ ಮಕ್ಕಳು ಕಾಲಿನ ಸದ್ದಾಗದ ಹಾಗೆ ಮನೆಯೊಳಗೆ ಓಡಾಡ್ತಿದ್ದಾರೆ. ಇದಕ್ಕೆ ಟ್ರೀಟ್‌ಮೆಂಟ್ ಇದೆ, ಒಳ್ಳೇ ಟ್ರೀಟ್‌ಮೆಂಟೇ ಇದೆ, ಬಹಳ ಜನಕ್ಕೆ ಒಂದು ಪೈಸೆ ಖರ್ಚಿಲ್ಲದೆ ಸಿಗತ್ತೆ. ಆದ್ರೆ ವಿಎ (ಮಾಜಿ ಸೈನಿಕರನ್ನ ನೋಡ್ಕೊಳ್ಳೋ ಸರ್ಕಾರಿ ಇಲಾಖೆ), ಟ್ರೈಕೇರ್ (ಸೈನ್ಯದ ಇನ್ಶೂರೆನ್ಸ್), ಚಾಂಪ್‌ವಿಎ (ಕೆಲವು ಮಾಜಿ ಸೈನಿಕರ ಮನೆಯವರಿಗೆ ವಿಎ ಕೊಡೋ ಕವರೇಜ್), ವೆಟ್ ಸೆಂಟರ್ (ವಿಎಯ ಕೌನ್ಸೆಲಿಂಗ್ ಆಫೀಸ್) ಅಂತ ಹೆಸರುಗಳನ್ನ ಕೇಳೇ ಸುಸ್ತಾಗಿ, ಪೇಪರೆಲ್ಲಾ ಸರಿ ಆಗ್ಲಿ ಆಮೇಲೆ ಹೋದ್ರಾಯ್ತು ಅಂತ ವರ್ಷಗಟ್ಟಲೆ ಮುಂದಕ್ಕೆ ಹಾಕೋರೇ ಜಾಸ್ತಿ. ನಾನು ಇಲ್ಲಿ ಹೇಳೋಕೆ ಹೊರಟಿರೋದು ಇಷ್ಟು: ಪೇಪರ್ ಕೇಳದೆ ತೆರೆದಿರೋ ಬಾಗಿಲು ಕೆಲವಿದೆ, ಅದನ್ನ ಮೊದಲು ತಟ್ಟಿ, ಪೇಪರ್ ಕೆಲಸ ಪಕ್ಕದಲ್ಲಿ ನಡೀತಾ ಇರ್ಲಿ. ಮತ್ತೆ ಒಂದೇ ಮನೆಯಲ್ಲಿದ್ರೂ ಗಂಡಂದು, ಹೆಂಡ್ತಿದು, ಮಗುವಿಂದು ಬಾಗಿಲು ಬೇರೆ ಬೇರೆ ಇರತ್ತೆ, ಒಬ್ರಿಗೆ ಇಲ್ಲ ಅಂದ್ರೆ ಎಲ್ಲರಿಗೂ ಇಲ್ಲ ಅಂತ ಅಲ್ಲ.

ಜೀವಕ್ಕೇ ಅಪಾಯ ಅನ್ನಿಸಿದ್ರೆ

ಈ ಗೈಡ್ ಪಕ್ಕಕ್ಕಿಟ್ಟು 988ಕ್ಕೆ ಫೋನ್ ಮಾಡಿ 1 ಒತ್ತಿ. ಅದು ವೆಟರನ್ಸ್ ಅಂದ್ರೆ ಮಾಜಿ ಸೈನಿಕರ ಕ್ರೈಸಿಸ್ ಲೈನ್, ಹಗಲು ರಾತ್ರಿ ಇರತ್ತೆ. ಮಾತಾಡೋಕಾಗಲ್ಲ ಅಂದ್ರೆ 838255ಕ್ಕೆ ಮೆಸೇಜ್ ಮಾಡ್ಬಹುದು. ಫೋನ್ ಮಾಡೋರು ವೆಟರನ್ನೇ ಆಗಿರ್ಬೇಕು ಅಂತಿಲ್ಲ, ಹೆಂಡ್ತಿ ಮಾಡ್ಬಹುದು, ಅಪ್ಪ ಅಮ್ಮ ಮಾಡ್ಬಹುದು, ಸ್ನೇಹಿತರು ಮಾಡ್ಬಹುದು, ವಿಎಯಲ್ಲಿ ಹೆಸರು ಇರ್ಬೇಕಾಗೂ ಇಲ್ಲ.

ದುಡ್ಡಿನ ಭಯದಿಂದ ಎಮರ್ಜೆನ್ಸಿ ರೂಮಿಗೆ ಹೋಗದೆ ಇರ್ಬೇಡಿ. ಕಾಂಪ್ಯಾಕ್ಟ್ ಆಕ್ಟ್ ಅಂತ ಒಂದು ಕಾನೂನಿದೆ, ಅದರ ಪ್ರಕಾರ 2023ರ ಜನವರಿ 17ರಿಂದ ಆತ್ಮಹತ್ಯೆಯ ಅಪಾಯ ಇರೋ ವೆಟರನ್ ಯಾವ ಆಸ್ಪತ್ರೆಗೆ ಹೋದ್ರೂ, ಅದು ವಿಎದೇ ಆಗಿರ್ಲಿ ಹೊರಗಿಂದೇ ಆಗಿರ್ಲಿ, ಖರ್ಚನ್ನ ವಿಎ ನೋಡ್ಕೊಳ್ಳತ್ತೆ. ಅಡ್ಮಿಟ್ ಆದ್ರೆ 30 ದಿನದ ತನಕ, ಆಮೇಲೆ ಹೋಗಿ ಬಂದು ತಗೊಳ್ಳೋ ಟ್ರೀಟ್‌ಮೆಂಟ್‌ಗೆ 90 ದಿನದ ತನಕ. 24 ತಿಂಗಳಿಗಿಂತ ಹೆಚ್ಚು ಆಕ್ಟಿವ್ ಸರ್ವಿಸ್ ಮಾಡಿ, ಡಿಸ್ಚಾರ್ಜ್ ಡಿಸ್‌ಆನರಬಲ್ (ಗಂಭೀರ ತಪ್ಪಿಗೆ ಹೊರಹಾಕಿದ್ದು) ಆಗಿಲ್ದೇ ಇದ್ರೆ ಇದು ಸಿಗತ್ತೆ, ಇನ್ನೂ ಕೆಲವು ಗುಂಪಿನವರಿಗೂ ಇದೆ, ವಿಎಯಲ್ಲಿ ಮೊದಲೇ ಎನ್‌ರೋಲ್ ಆಗಿರ್ಬೇಕಿಲ್ಲ. ಹೊರಗಿನ ಆಸ್ಪತ್ರೆಗೆ ಹೋದ್ರೆ ಒಂದು ಕೆಲಸ ಮಾತ್ರ ಮರೀಬೇಡಿ, 72 ಗಂಟೆ ಒಳಗೆ ವಿಎಗೆ ತಿಳಿಸ್ಬೇಕು, ನಂಬರ್ 844-724-7842. ಆಸ್ಪತ್ರೆಯವರೇ ತಿಳಿಸ್ತಾರೆ ಅಂತ ಬಿಟ್ಬಿಡ್ಬೇಡಿ, ತಿಳಿಸಿದ್ರಾ ಅಂತ ನೀವೇ ಕೇಳಿ, ಯಾರು ಯಾವಾಗ ತಿಳಿಸಿದ್ರು ಅಂತ ಬರ್ಕೊಳ್ಳಿ.

ನೀವು ಯಾವ ಗುಂಪಿನೋರು

ಸರ್ವಿಸಲ್ಲಿ ಇರೋ ತನಕ ಎಲ್ಲಾ ಟ್ರೈಕೇರ್. ಸೈನಿಕರಿಗೆ ಟ್ರೈಕೇರ್ ಪ್ರೈಮ್, ಗಂಡ/ಹೆಂಡ್ತಿ ಮಕ್ಕಳಿಗೆ ಪ್ರೈಮ್ ಅಥವಾ ಸೆಲೆಕ್ಟ್, ಎರಡೂ ಟ್ರೈಕೇರ್‌ನ ಪ್ಲಾನ್‌ಗಳೇ. 20 ವರ್ಷ ಮಾಡಿ ರಿಟೈರ್ ಆದ್ರೆ ಅಥವಾ ಮೆಡಿಕಲ್ ರಿಟೈರ್ಮೆಂಟ್ ಆದ್ರೆ ಕುಟುಂಬಕ್ಕೆಲ್ಲಾ ಟ್ರೈಕೇರ್ ಮುಂದುವರಿಯತ್ತೆ, ಜೊತೆಗೆ ಆ ವ್ಯಕ್ತಿಗೆ ವಿಎ ಕೂಡ ಸಿಗ್ಬಹುದು. ಗಾರ್ಡ್, ರಿಸರ್ವ್‌ನಲ್ಲಿ (ಬೇಕಾದಾಗ ಕರೆಸ್ಕೊಳ್ಳೋ ಅರೆಕಾಲಿಕ ಪಡೆಗಳು) ಇರೋರಿಗೆ ಪ್ರೀಮಿಯಂ ಕಟ್ಟಿ ತಗೊಳ್ಳೋ ಟ್ರೈಕೇರ್ ರಿಸರ್ವ್ ಸೆಲೆಕ್ಟ್ ಅಂತ ಇದೆ, 30 ದಿನಕ್ಕಿಂತ ಹೆಚ್ಚು ಆಕ್ಟಿವ್ ಆರ್ಡರ್ ಬಂದ್ರೆ ಆಗ ಅವರ ಕುಟುಂಬವೂ ಮಾಮೂಲಿ ಆಕ್ಟಿವ್ ಡ್ಯೂಟಿ ಕುಟುಂಬದ ಹಾಗೇ.

ನಮ್ಮವರು ತುಂಬಾ ಜನ ಸಿಕ್ಕಿಹಾಕ್ಕೊಳ್ಳೋ ಜಾಗ ಇದಾದ್ಮೇಲೆ ಬರೋದು. ನಾಲ್ಕೋ ಆರೋ ವರ್ಷ ಸರ್ವಿಸ್ ಮಾಡಿ ಹೊರಗೆ ಬಂದಿರ್ತಾರೆ, ರಿಟೈರ್ಮೆಂಟ್ ಅಲ್ಲ. ಆಗ ಟ್ರೈಕೇರ್ ನಿಂತು ಹೋಗತ್ತೆ. ವೆಟರನ್‌ಗೆ ವಿಎ ಇದೆ, ಹೆಂಡ್ತಿ ಮಕ್ಕಳಿಗೆ ತಾನಾಗೇ ಏನೂ ಸಿಗಲ್ಲ, ವಿಎ ಅನ್ನೋದು ಕುಟುಂಬದ ಇನ್ಶೂರೆನ್ಸ್ ಅಲ್ಲವೇ ಅಲ್ಲ. ಒಂದೇ ದಿನದಲ್ಲಿ ಇಡೀ ಮನೆ ಕವರೇಜ್ ಕಳ್ಕೊಳ್ಳೋದು ಹೀಗೆ, ಅದೂ ಮನಸ್ಸಿನ ತೊಂದರೆ ಹೊರಗೆ ಬರೋಕೆ ಶುರುವಾಗೋ ಹೊತ್ತಿಗೇ. ಹಾಗಾಗಿ ಬಿಡೋಕೆ ಮುಂಚೆನೇ ಮೂರು ವಿಷಯ ನೋಡ್ಕೊಳ್ಳಿ. ಟ್ಯಾಂಪ್ ಅಂತ 180 ದಿನದ ಪ್ರೀಮಿಯಂ ಇಲ್ಲದ ಕವರೇಜ್ ಇದೆ, ಆದ್ರೆ ಎಲ್ಲರಿಗೂ ಅಲ್ಲ, ಇಷ್ಟ ಇಲ್ಲದೆ ಬಿಡಿಸಿದ್ರೆ, ಆಕ್ಟಿವ್ ಮಾಡಿದ್ದ ಗಾರ್ಡ್ ರಿಸರ್ವ್‌ನೋರಾಗಿದ್ರೆ, ಅಥವಾ ಆಕ್ಟಿವ್ ಬಿಟ್ಟು ಸೆಲೆಕ್ಟೆಡ್ ರಿಸರ್ವ್ ಸೇರ್ತಿದ್ರೆ, ಹೀಗೆ ಕೆಲವರಿಗೆ. ಎರಡನೇದು ಸಿಎಚ್‌ಸಿಬಿಪಿ, ದುಡ್ಡು ಕೊಟ್ಟು ಕೊಂಡುಕೊಳ್ಳೋದು, 60 ದಿನದ ಒಳಗೆ ಅರ್ಜಿ ಹಾಕ್ಬೇಕು, ದುಬಾರಿನೇ, ಆದ್ರೆ ಮಗು ಥೆರಪಿ ಮಧ್ಯದಲ್ಲಿದ್ರೆ ಅದು ತುಂಡಾಗದ ಹಾಗೆ ನೋಡ್ಕೊಳ್ಳೋಕೆ ಯೋಚ್ನೆ ಮಾಡ್ಬೇಕಾದ್ದೇ. ಮೂರನೇದು ಕೆಲಸದ ಕಡೆಯ ಇನ್ಶೂರೆನ್ಸ್ ಇಲ್ಲಾ ಮಾರ್ಕೆಟ್‌ಪ್ಲೇಸ್ (ಸರ್ಕಾರದ ವೆಬ್‌ಸೈಟಲ್ಲಿ ಕೊಳ್ಳೋ) ಪ್ಲಾನ್. ಕವರೇಜ್ ಹೋಯ್ತು ಅನ್ನೋದೇ ಒಂದು ಕಾರಣ ಆಗತ್ತೆ, 60 ದಿನ ಸ್ಪೆಷಲ್ ಎನ್‌ರೋಲ್‌ಮೆಂಟ್ ಸಿಗತ್ತೆ, ಆ 60 ದಿನ ಕಳೆದ್ರೆ ಮುಂದಿನ ಓಪನ್ ಎನ್‌ರೋಲ್‌ಮೆಂಟ್ ತನಕ ಕಾಯ್ಬೇಕು.

ಅಪ್ಪ ಅಮ್ಮ ಜೊತೆಗಿದ್ದಾರೆ, ಅವರ ಮೇಲೂ ಇದರ ಪರಿಣಾಮ ಆಗಿದೆ, ಅವರನ್ನೂ ಟ್ರೈಕೇರ್‌ಗೆ ಸೇರಿಸ್ಬಹುದಾ ಅಂತ ಬಹಳ ಜನ ಕೇಳ್ತಾರೆ. ಡಿಪೆಂಡೆಂಟ್ ಅಂತ ಒಪ್ಪಿಗೆ ಸಿಕ್ರೂ ಅಪ್ಪ ಅಮ್ಮಂಗೆ, ಅತ್ತೆ ಮಾವಂಗೆ ಪ್ರೈಮ್ ಸೆಲೆಕ್ಟ್ ಸಿಗಲ್ಲ. ಮಿಲಿಟರಿ ಆಸ್ಪತ್ರೆಯಲ್ಲಿ ಜಾಗ ಇದ್ರೆ ನೋಡ್ತಾರೆ, ಅಷ್ಟೇ. ಅವರಿಗೆ ಬೇರೆ ಇನ್ಶೂರೆನ್ಸ್ ಬೇಕೇ ಬೇಕು.

ಮೊದಲು ಹೋಗ್ಬೇಕಾದ ಜಾಗ: ವೆಟ್ ಸೆಂಟರ್

ನನ್ನನ್ನ ಕೇಳಿದ್ರೆ ಶುರು ಮಾಡೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ, ನಮ್ಮ ಜನಕ್ಕೆ ಇದರ ಹೆಸರೇ ಗೊತ್ತಿರಲ್ಲ ಅನ್ನೋದೇ ನನಗೆ ಬೇಜಾರು. ವಿಯೆಟ್ನಾಂ ಯುದ್ಧದಿಂದ ಬಂದೋರಿಗೆ ಅಂತ 1979ರಲ್ಲಿ ಶುರುವಾಗಿದ್ದು, ಈಗ ದೇಶದಲ್ಲಿ ಸುಮಾರು 300 ಇದೆ. ವಿಎಗೇ ಸೇರಿದ್ದಾದ್ರೂ ದೊಡ್ಡ ಆಸ್ಪತ್ರೆ ಒಳಗಿರಲ್ಲ, ಊರೊಳಗೆ ಸಣ್ಣ ಆಫೀಸ್ ತರ ಇರತ್ತೆ, ಒಳಗಿರೋರಲ್ಲಿ ಎಷ್ಟೋ ಜನ ತಾವೇ ವೆಟರನ್ಸ್. ಫ್ರೀ. ಇನ್ಶೂರೆನ್ಸ್ ಬೇಡ, ವಿಎ ಎನ್‌ರೋಲ್‌ಮೆಂಟ್ ಬೇಡ, ಡಿಸಬಿಲಿಟಿ ರೇಟಿಂಗ್ (ಸರ್ವಿಸ್‌ನಿಂದ ಎಷ್ಟು ತೊಂದರೆ ಆಗಿದೆ ಅಂತ ವಿಎ ಕೊಡೋ ಪರ್ಸೆಂಟ್) ಬೇಡ.

ಯುದ್ಧ ನಡೀತಿದ್ದ ಜಾಗದಲ್ಲಿ ಕೆಲಸ ಮಾಡಿದೋರು, ಡ್ರೋನ್ ನಡೆಸಿದೋರು, ಗಾಯಾಳುಗಳನ್ನ ನೋಡ್ಕೊಂಡೋರು, ಮೃತದೇಹಗಳ ಕೆಲಸ ಮಾಡಿದೋರು, ಸೈನ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದೋರು ಇವರೆಲ್ಲರಿಗೂ ಇದೆ, ಇನ್ನೂ ಸರ್ವಿಸಲ್ಲಿ ಇರೋರಿಗೂ ಇದೆ. ಒಬ್ಬೊಬ್ಬರಿಗೆ ಕೌನ್ಸೆಲಿಂಗ್, ಗುಂಪಿನಲ್ಲಿ ಕೌನ್ಸೆಲಿಂಗ್, ಗಂಡ ಹೆಂಡ್ತಿಗೆ ಒಟ್ಟಿಗೆ, ಮಕ್ಕಳ ಜೊತೆ ಸೇರಿ ಕೂಡ. ಸರ್ವಿಸಲ್ಲಿ ಇದ್ದಾಗ್ಲೇ ತೀರಿಕೊಂಡವರ ಮನೆಯವರಿಗೆ ದುಃಖದ ಕೌನ್ಸೆಲಿಂಗ್ ಕೂಡ ಮಾಡ್ತಾರೆ. ಇಲ್ಲಿನ ರೆಕಾರ್ಡ್ ನಿಮ್ಮ ಒಪ್ಪಿಗೆ ಇಲ್ಲದೆ ಸೈನ್ಯಕ್ಕಾಗ್ಲಿ ವಿಎ ಆಸ್ಪತ್ರೆಗಾಗ್ಲಿ ಹೋಗಲ್ಲ, ಜೀವಕ್ಕೆ ಅಪಾಯ ಇರೋ ಸಂದರ್ಭ ಬಿಟ್ರೆ. ಕೆಲಸಕ್ಕೆ ತೊಂದರೆ ಆಗತ್ತೆ ಅಂತ ಹೆದರ್ಕೊಂಡಿರೋರಿಗೆ ಇದನ್ನ ಮೊದಲು ಹೇಳಿ. ನಂಬರ್ 877-927-8387, ಯಾವ ಹೊತ್ತಲ್ಲಾದ್ರೂ ಮಾಡ್ಬಹುದು.

ವೆಟ್ ಸೆಂಟರ್‌ನಲ್ಲಿ ಮಾತ್ರೆ ಬರ್ದುಕೊಡಲ್ಲ, ಅದಕ್ಕೆ ವಿಎ ಅಥವಾ ಬೇರೆ ಡಾಕ್ಟರ್ ಬೇಕು. ಆದ್ರೂ ಅಲ್ಲಿ ಕೂತು ಮಾತಾಡೋಕೆ ಶುರು ಮಾಡಿದ್ಮೇಲೆ ಉಳಿದ ದಾರಿನೂ ಅವರೇ ತೋರಿಸ್ತಾರೆ.

ವೆಟರನ್ನೇ ಬರಲ್ಲ ಅಂತ ಹಟ ಹಿಡಿದ್ರೆ? ಇದು ಪ್ರತಿ ಮನೆ ಕಥೆ. ನನಗೇನಾಗಿದೆ, ನನಗೇನು ಹುಚ್ಚಾ ಅಂತಾರೆ. ಅದಕ್ಕೆ ಮನೆಯವರಿಗೋಸ್ಕರನೇ ವಿಎ ಒಂದು ಫೋನ್ ಸೇವೆ ಇಟ್ಟಿದೆ, ಕೋಚಿಂಗ್ ಇಂಟು ಕೇರ್ ಅಂತ, 888-823-7458. ಅವರ ಹತ್ರ ಮಾತು ಹೇಗೆ ತೆಗೀಬೇಕು, ಯಾವಾಗ ತೆಗೀಬೇಕು, ಏನು ಹೇಳಿದ್ರೆ ಬಾಗಿಲು ಹಾಕ್ಕೊಳ್ತಾರೆ ಅಂತ ನಿಮ್ಮ ಜೊತೆ ಕೂತು ಯೋಚ್ನೆ ಮಾಡ್ತಾರೆ, ಫ್ರೀ.

ಮಿಲಿಟರಿ ಒನ್‌ಸೋರ್ಸ್

ಇದು ಸೈನಿಕರಿಗೆ, ಅವರ ಮನೆಯವರಿಗೆ ಸೈನ್ಯದ ಕಡೆಯಿಂದ ಇರೋ ಸಹಾಯವಾಣಿ, 800-342-9647. ಸರ್ವಿಸಲ್ಲಿ ಇರೋರು, ಅವರ ಮನೆಯವರು, ಮತ್ತೆ ಸರ್ವಿಸ್ ಬಿಟ್ಟು 365 ದಿನ ಆಗಿಲ್ಲದೋರು ಫೋನ್ ಮಾಡ್ಬಹುದು. ಒಬ್ರಿಗೆ ಒಂದು ವಿಷಯಕ್ಕೆ 12 ಸಲ ತನಕ ಫ್ರೀ ಕೌನ್ಸೆಲಿಂಗ್. ಗಂಡ ಹೆಂಡ್ತಿ ನಡುವಿನ ಬಿರುಕು, ಡಿಪ್ಲಾಯ್‌ಮೆಂಟ್ ಆದ್ಮೇಲೆ ಮನೆಗೆ ಹೊಂದ್ಕೊಳ್ಳೋದು, ಮಕ್ಕಳನ್ನ ಸಂಭಾಳಿಸೋದು ಇಂಥದ್ದಕ್ಕೆ ಒಳ್ಳೇದು. ಪಿಟಿಎಸ್‌ಡಿ (ಆಘಾತ ಆದ್ಮೇಲೆ ಉಳ್ಕೊಳ್ಳೋ ಮನಸ್ಸಿನ ಕಾಯಿಲೆ) ಅಂತ ಡಯಾಗ್ನೋಸಿಸ್ ಆಗಿದ್ರೆ ಅದರ ಟ್ರೀಟ್‌ಮೆಂಟ್ ಇಲ್ಲಿ ಆಗಲ್ಲ, ಟ್ರೈಕೇರ್ ಕಡೆ ಕಳಿಸ್ತಾರೆ, ಹಾಗಾಗಿ ಎರಡನ್ನೂ ಒಂದೇ ಅಂದ್ಕೊಳ್ಬೇಡಿ. ಇಂಗ್ಲಿಷ್ ಕಷ್ಟ ಆಗೋ ಮನೆಯವರಿಗೆ ಇಂಟರ್ಪ್ರಿಟರ್ ಹಾಕಿಕೊಡ್ತಾರೆ. ಎಲ್ಲೇ ಆಗ್ಲಿ ಅಪಾಯಿಂಟ್‌ಮೆಂಟ್ ತಗೊಳ್ಳೋವಾಗ್ಲೇ ಕನ್ನಡದ ಇಂಟರ್ಪ್ರಿಟರ್ ಬೇಕು ಅಂತ ಹೇಳಿಬಿಡಿ, ಮನಸ್ಸಿನ ವಿಷಯವನ್ನ ಮಗಳನ್ನೋ ಮಗನನ್ನೋ ಮಧ್ಯೆ ಕೂರಿಸ್ಕೊಂಡು ಹೇಳಿಸೋದು ಆ ಮಗುಗೂ ಭಾರ, ಹೇಳೋರೂ ಅರ್ಧ ಮುಚ್ಚಿಡ್ತಾರೆ.

ಟ್ರೈಕೇರ್‌ನಲ್ಲಿ ಥೆರಪಿ ಸಿಗೋ ಹಾಗೆ ಮಾಡೋದು

ಎಲ್ಲಕ್ಕೂ ಮೊದಲು ಡೀರ್ಸ್‌ನಲ್ಲಿ (ಸೈನಿಕರ, ಅವರ ಮನೆಯವರ ಹೆಸರಿರೋ ಸೈನ್ಯದ ದಾಖಲೆ) ಹೆಸರಿರ್ಬೇಕು. ಮದುವೆ ಆಗಿ ಬಂದ ಹೆಂಡ್ತಿ, ಹೊಸದಾಗಿ ಹುಟ್ಟಿದ ಮಗು, ಇವರನ್ನ ಸ್ಪಾನ್ಸರ್ ಅಂದ್ರೆ ಸರ್ವಿಸಲ್ಲಿ ಇರೋರು ಹೋಗಿ ಸೇರಿಸ್ಬೇಕು. ಮದುವೆ ಸರ್ಟಿಫಿಕೇಟ್ ಇಂಗ್ಲಿಷಲ್ಲಿ ಇಲ್ಲದಿದ್ರೆ ಸರ್ಟಿಫೈಡ್ ಅನುವಾದ ಮಾಡಿಸಿಟ್ಕೊಳ್ಳಿ. ಮದುವೆ, ಮಗು, ಊರು ಬದಲಾವಣೆ ಇಂಥದ್ದಾದಾಗ ಪ್ಲಾನ್ ಸೇರೋಕೆ ಬದಲಾಯ್ಸೋಕೆ 90 ದಿನ ಇರತ್ತೆ, ಇಲ್ಲಾಂದ್ರೆ ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದ ತನಕ ಬರೋ ಓಪನ್ ಸೀಸನ್‌ಗೆ ಕಾಯ್ಬೇಕು.

ಆಮೇಲೆ ನೀವು ಯಾವ ರೀಜನ್ ನೋಡ್ಕೊಳ್ಳಿ. ಟ್ರೈಕೇರ್ ನಡೆಸೋ ಕಂಪನಿ ಈಸ್ಟ್ ಆದ್ರೆ ಹ್ಯೂಮನಾ ಮಿಲಿಟರಿ, ವೆಸ್ಟ್ ಆದ್ರೆ 2025ರ ಜನವರಿ 1ರಿಂದ ಟ್ರೈವೆಸ್ಟ್. ಅದೇ ದಿನ ಟೆಕ್ಸಸ್, ಇಲಿನಾಯ್, ವಿಸ್ಕಾನ್ಸಿನ್, ಒಕ್ಲಹೋಮ, ಅರ್ಕಾನ್ಸಾ, ಲೂಸಿಯಾನ ಈ ಆರು ರಾಜ್ಯ ಈಸ್ಟಿಂದ ವೆಸ್ಟಿಗೆ ಹೋದ್ವು, ಹಳೇ ಲಿಸ್ಟ್ ನೋಡ್ಕೊಂಡು ಡಾಕ್ಟರ್ ಹುಡುಕ್ಬೇಡಿ.

ಸರ್ವಿಸಲ್ಲಿರೋ ಸೈನಿಕರು ಹೊರಗಿನ ಥೆರಪಿಸ್ಟ್ ಹತ್ರ ಹೋಗೋಕೆ ರೆಫರಲ್ ಬೇಕು. ಆದ್ರೆ ಪ್ರೈಮ್‌ನಲ್ಲಿರೋ ಹೆಂಡ್ತಿ ಮಕ್ಕಳಿಗೆ ನೆಟ್‌ವರ್ಕ್ ಒಳಗಿನ ಥೆರಪಿಸ್ಟ್ ಹತ್ರ ಮಾಮೂಲಿ ಥೆರಪಿಗೆ ಹೋಗೋಕೆ ರೆಫರಲ್ ಬೇಡ. ಇದು ಕ್ಲಿನಿಕ್ ರಿಸೆಪ್ಷನ್‌ನೋರಿಗೇ ಎಷ್ಟೋ ಸಲ ಗೊತ್ತಿರಲ್ಲ, ರೆಫರಲ್ ತನ್ನಿ ಅಂತ ವಾಪಸ್ ಕಳಿಸ್ತಾರೆ, ಗೊತ್ತಿದ್ದು ಮಾತಾಡಿ. ಸೆಲೆಕ್ಟ್‌ನಲ್ಲಿ ಇರೋರು ಟ್ರೈಕೇರ್ ಒಪ್ಪಿರೋ ಯಾರ ಹತ್ರ ಬೇಕಾದ್ರೂ ಹೋಗ್ಬಹುದು. ಅಡ್ಮಿಟ್ ಆಗೋದು, ರೆಸಿಡೆನ್ಷಿಯಲ್ ಪ್ರೋಗ್ರಾಂ ಇದಕ್ಕೆಲ್ಲಾ ಎಮರ್ಜೆನ್ಸಿ ಅಲ್ಲದಿದ್ರೆ ಮುಂಚೆನೇ ಅನುಮತಿ ಬೇಕು.

ಥೆರಪಿಸ್ಟ್‌ಗೆ ಫೋನ್ ಮಾಡಿದಾಗ ಟ್ರೈಕೇರ್ ತಗೊಳ್ತೀರಾ ಅಂತ ಮಾತ್ರ ಕೇಳಿ ಬಿಡ್ಬೇಡಿ. ನೆಟ್‌ವರ್ಕ್‌ನಲ್ಲಿ ಇದ್ದೀರಾ, ಹೊಸ ಪೇಷಂಟ್ ತಗೊಳ್ತಿದ್ದೀರಾ, ಮೊದಲನೇ ಅಪಾಯಿಂಟ್‌ಮೆಂಟ್ ಯಾವಾಗ, ಕ್ಲೇಮ್ ನೀವೇ ಹಾಕ್ತೀರಾ ಅಂತ ಕೇಳಿ. ನೆಟ್‌ವರ್ಕ್ ಹೊರಗಿದ್ದು ಟ್ರೈಕೇರ್ ರೇಟಿಗೆ ಒಪ್ಪದೋರು ಆ ರೇಟಿನ ಮೇಲೆ 15 ಪರ್ಸೆಂಟ್ ತನಕ ಹೆಚ್ಚಿಗೆ ತಗೊಳ್ಬಹುದು, ಅದು ನಿಮ್ಮ ಜೇಬಿಂದ, ಮತ್ತೆ ಪೂರ್ತಿ ದುಡ್ಡು ಮೊದಲು ನೀವೇ ಕೊಟ್ಟು ಆಮೇಲೆ ಡಿಡಿ 2642 ಫಾರ್ಮ್ ಹಾಕಿ ವಾಪಸ್ ತಗೊಳ್ಳೋ ಹಾಗೆ ಆಗ್ಬಹುದು. ಆ ಕ್ಲೇಮ್‌ಗೆ ಅಮೆರಿಕದ ಒಳಗಾದ್ರೆ ಒಂದು ವರ್ಷ ಗಡುವು.

ಪ್ರೈಮ್‌ನಲ್ಲಿ ಇರೋರಿಗೆ ಸ್ಪೆಷಲಿಸ್ಟ್ ಅಪಾಯಿಂಟ್‌ಮೆಂಟ್ 28 ದಿನದ ಒಳಗೆ ಸಿಗ್ಬೇಕು ಅಂತ ನಿಯಮ ಇದೆ. ನೆಟ್‌ವರ್ಕ್‌ನಲ್ಲಿ ಎಲ್ಲರೂ ಮೂರು ತಿಂಗಳು ಕಾಯಿರಿ ಅಂತಿದ್ರೆ, ಯಾರ್ಯಾರಿಗೆ ಯಾವ ತಾರೀಖು ಫೋನ್ ಮಾಡಿದ್ರಿ, ಏನಂದ್ರು ಅಂತ ಲಿಸ್ಟ್ ಮಾಡ್ಕೊಂಡು ರೀಜನ್ ಕಂಪನಿಗೆ ಫೋನ್ ಮಾಡಿ, ನೀವೇ ಹುಡುಕಿಕೊಡಿ ಅಂತ ಹೇಳಿ. ಸುಮ್ನೆ ಯಾರೂ ಸಿಗ್ತಿಲ್ಲ ಅಂದ್ರೆ ಮತ್ತೆ ಅದೇ ಡೈರೆಕ್ಟರಿ ತೋರಿಸ್ತಾರೆ, ಲಿಸ್ಟ್ ಮುಂದಿಟ್ರೆ ಮಾತಿಗೆ ತೂಕ ಬರತ್ತೆ.

ಮಕ್ಕಳ ವಯಸ್ಸೂ ನೋಡ್ಕೊಳ್ಳಿ. 21ಕ್ಕೆ ಟ್ರೈಕೇರ್ ಮುಗಿಯತ್ತೆ, ಫುಲ್ ಟೈಂ ಕಾಲೇಜಲ್ಲಿದ್ರೆ 23, ಆಮೇಲೆ ಪ್ರೀಮಿಯಂ ಕಟ್ಟೋ ಯಂಗ್ ಅಡಲ್ಟ್ ಪ್ಲಾನ್ 26ರ ತನಕ. ಮನೆಯ ಟ್ರಾಮಾ ನೋಡ್ಕೊಂಡು ಬೆಳೆದ ಮಕ್ಕಳು ಎಷ್ಟೋ ಸಲ ಕಾಲೇಜಿಗೆ ಹೋದ್ಮೇಲೇ ಕುಸಿಯೋದು, ಆ ಹೊತ್ತಲ್ಲಿ ಕವರೇಜ್ ಇಲ್ಲ ಅನ್ನೋ ಹಾಗಾಗ್ಬಾರ್ದು.

ಸರ್ವಿಸಲ್ಲಿರೋರಿಗೆ ಇನ್ನೊಂದು ಮಾತು. ಬ್ರಾಂಡನ್ ಆಕ್ಟ್ ಅಂತ ಇದೆ, 2018ರಲ್ಲಿ ತೀರಿಕೊಂಡ ನೌಕಾಪಡೆಯ ಬ್ರಾಂಡನ್ ಕಸೆರ್ಟಾ ಅವರ ಹೆಸರಲ್ಲಿ, 2023ರಿಂದ ಜಾರಿಗೆ ಬಂದಿದೆ. ಕಾರಣ ಹೇಳದೆನೇ ಕಮಾಂಡರ್ ಹತ್ರ ಅಥವಾ ಇ-5 ದರ್ಜೆಗಿಂತ ಮೇಲಿನ ಸೂಪರ್‌ವೈಸರ್ ಹತ್ರ ನನಗೆ ಬ್ರಾಂಡನ್ ಆಕ್ಟ್ ಪ್ರಕಾರ ಮೆಂಟಲ್ ಹೆಲ್ತ್ ಇವ್ಯಾಲ್ಯುಯೇಶನ್ ಬೇಕು ಅಂತ ಕೇಳ್ಬಹುದು, ಅವರು ಕಳಿಸ್ಲೇಬೇಕು. ಕೌನ್ಸೆಲಿಂಗ್ ತಗೊಂಡ ಒಂದೇ ಕಾರಣಕ್ಕೆ ಸೆಕ್ಯುರಿಟಿ ಕ್ಲಿಯರೆನ್ಸ್ ಹೋಗಲ್ಲ. ಟ್ರೀಟ್‌ಮೆಂಟ್ ತಗೊಳ್ಳದೆ ಕುಡಿತ, ಸಾಲ, ಹೊಡೆದಾಟ ಅಂತ ಆದಾಗ್ಲೇ ತೊಂದರೆ ಜಾಸ್ತಿ.

ವಿಎ: ಎರಡು ಅರ್ಜಿ, ಎರಡು ಬೇರೆ ಕೆಲಸ

ಇಲ್ಲಿ ಎಲ್ಲರೂ ಗೊಂದಲ ಮಾಡ್ಕೊಳ್ತಾರೆ. ಟ್ರೀಟ್‌ಮೆಂಟ್‌ಗೆ ಎನ್‌ರೋಲ್ ಆಗೋದು ಒಂದು ಅರ್ಜಿ, ಫಾರ್ಮ್ 10-10ಇಝೆಡ್. ಪ್ರತಿ ತಿಂಗಳು ದುಡ್ಡು ಬರೋ ಡಿಸಬಿಲಿಟಿ ಕ್ಲೇಮ್ ಇನ್ನೊಂದು, ಫಾರ್ಮ್ 21-526ಇಝೆಡ್. ಕ್ಲೇಮ್ ತೀರ್ಮಾನ ಆಗೋ ತನಕ ಟ್ರೀಟ್‌ಮೆಂಟ್‌ಗೆ ಕಾಯ್ಬೇಕಾಗಿಲ್ಲ, ರೇಟಿಂಗ್ ಇಲ್ಲದೆನೂ ಎನ್‌ರೋಲ್ ಆಗ್ಬಹುದು. 2022ರ ಪ್ಯಾಕ್ಟ್ ಆಕ್ಟ್ ಆದ್ಮೇಲೆ ಇನ್ನೂ ಸಲೀಸು, 2024ರ ಮಾರ್ಚ್ 5ರಿಂದ ವಿಯೆಟ್ನಾಂ, ಗಲ್ಫ್, ಇರಾಕ್, ಅಫ್ಘಾನಿಸ್ತಾನದಲ್ಲಿ ಇದ್ದೋರು, ವಿಷವಸ್ತುಗಳ ಹತ್ರ ಕೆಲಸ ಮಾಡಿದೋರು ಕ್ಲೇಮ್ ಹಾಕದೆನೇ ನೇರ ಎನ್‌ರೋಲ್ ಆಗ್ಬಹುದು. ಡಿಡಿ 214 (ಸರ್ವಿಸ್ ಬಿಟ್ಟಾಗ ಕೊಡೋ ದಾಖಲೆ) ಕೈಯಲ್ಲಿಟ್ಕೊಂಡು 877-222-8387ಗೆ ಫೋನ್ ಮಾಡಿದ್ರೆ ಫೋನಲ್ಲೇ ಅರ್ಜಿ ತಗೊಳ್ತಾರೆ.

ಲೈಂಗಿಕ ದೌರ್ಜನ್ಯದ ವಿಷಯ ಬೇರೆಯಾಗೇ ಹೇಳ್ಬೇಕು. ಸರ್ವಿಸಲ್ಲಿದ್ದಾಗ ಹಾಗೇನಾದ್ರೂ ಆಗಿದ್ರೆ, ಅದನ್ನ ವಿಎಯಲ್ಲಿ ಎಂಎಸ್‌ಟಿ ಅಂತಾರೆ, ಅದಕ್ಕೆ ಸಂಬಂಧಪಟ್ಟ ಟ್ರೀಟ್‌ಮೆಂಟ್ ಪೂರ್ತಿ ಫ್ರೀ. ಆಗ ದೂರು ಕೊಟ್ಟಿರ್ಬೇಕು ಅಂತಿಲ್ಲ, ದಾಖಲೆ ಬೇಕಿಲ್ಲ, ರೇಟಿಂಗ್ ಬೇಕಿಲ್ಲ. ಗಂಡಸರಿಗೂ ಹೆಂಗಸರಿಗೂ ಒಂದೇ. ಪ್ರತಿ ವಿಎ ಆಸ್ಪತ್ರೆಯಲ್ಲೂ ಎಂಎಸ್‌ಟಿ ಕೋಆರ್ಡಿನೇಟರ್ ಇರ್ತಾರೆ, ಫೋನಲ್ಲಿ ಅವರ ಹೆಸರು ಕೇಳಿದ್ರೆ ಸಾಕು, ರಿಸೆಪ್ಷನ್ ಮುಂದೆ ಏನಾಯ್ತು ಅಂತ ಹೇಳೋ ಅಗತ್ಯ ಇಲ್ಲ. ಹೆಂಗಸರು ಮಾತಾಡೋಕೆ ಹೆಂಗಸೇ ಬೇಕು ಅಂದ್ರೆ ಹಾಗೇ ಕೇಳಿ.

ಒಳಗೆ ಹೋದ್ಮೇಲೆ ಯಾವ ಟ್ರೀಟ್‌ಮೆಂಟ್ ಅಂತ ಕೇಳಿ. ವಿಎ ಮತ್ತು ಸೈನ್ಯ ಸೇರಿ ಮಾಡಿರೋ 2023ರ ಗೈಡ್‌ಲೈನ್‌ನಲ್ಲಿ ಪಿಟಿಎಸ್‌ಡಿಗೆ ಮಾತ್ರೆಗಿಂತ ಮೊದಲು ಮೂರು ಥೆರಪಿ ಹೇಳಿದ್ದಾರೆ: ಪ್ರೊಲಾಂಗ್ಡ್ ಎಕ್ಸ್‌ಪೋಶರ್, ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ, ಇಎಂಡಿಆರ್ (ಕಣ್ಣಿನ ಚಲನೆ ಬಳಸೋ ಥೆರಪಿ). ಇದು ವರ್ಷಗಟ್ಟಲೆ ನಡೆಯೋದಲ್ಲ, ಕಾಗ್ನಿಟಿವ್ ಪ್ರೊಸೆಸಿಂಗ್ ಸಾಮಾನ್ಯವಾಗಿ 12 ಸೆಷನ್, ಪ್ರೊಲಾಂಗ್ಡ್ ಎಕ್ಸ್‌ಪೋಶರ್ 8ರಿಂದ 15. ಮಾತ್ರೆ ಬೇಕಾದ್ರೆ ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ವೆನ್ಲಾಫಾಕ್ಸಿನ್ ಇದೆ. ಬೆಂಜೋಡಯಜೆಪಿನ್ ಗುಂಪಿನ ಮಾತ್ರೆ ಪಿಟಿಎಸ್‌ಡಿಗೆ ಬೇಡ ಅಂತ ಅದೇ ಗೈಡ್‌ಲೈನ್ ಹೇಳತ್ತೆ, ಆದ್ರೆ ಈಗಾಗ್ಲೇ ತಗೊಳ್ತಿರೋರು ಡಾಕ್ಟರನ್ನ ಕೇಳದೆ ತಟ್ಟನೆ ನಿಲ್ಲಿಸ್ಬೇಡಿ, ಅದು ಅಪಾಯ. ತಿಂಗಳಿಗೊಂದ್ಸಲ ಹೇಗಿದ್ದೀರಿ ಅಂತ ಕೇಳಿ ಮಾತ್ರೆ ಚೀಟಿ ಕೊಟ್ಟು ಕಳಿಸ್ತಿದ್ರೆ, ಈ ಥೆರಪಿ ಹೆಸರು ಹೇಳಿ ಇದು ಯಾವಾಗ ಶುರು ಮಾಡ್ತೀರಿ ಅಂತ ಕೇಳೋದು ನಿಮ್ಮ ಹಕ್ಕು.

ವಿಎ ಕ್ಲಿನಿಕ್‌ಗೆ ಹೋಗೋಕೆ ಸರಾಸರಿ 30 ನಿಮಿಷಕ್ಕಿಂತ ಹೆಚ್ಚು ಡ್ರೈವ್, ಅಥವಾ ಮೆಂಟಲ್ ಹೆಲ್ತ್ ಅಪಾಯಿಂಟ್‌ಮೆಂಟ್‌ಗೆ 20 ದಿನಕ್ಕಿಂತ ಹೆಚ್ಚು ಕಾಯ್ಬೇಕು ಅಂದ್ರೆ ಹೊರಗಿನ ಥೆರಪಿಸ್ಟ್ ಹತ್ರ ವಿಎ ಖರ್ಚಲ್ಲಿ ಹೋಗ್ಬಹುದು, ಕಮ್ಯುನಿಟಿ ಕೇರ್ ಅಂತ, 2019ರ ಜೂನ್‌ನಿಂದ ಹೀಗಿದೆ. ನೀವಾಗೇ ಕೇಳಿ, ಎಷ್ಟೋ ಕಡೆ ಅವರಾಗೇ ಹೇಳಲ್ಲ. ಮತ್ತೆ ವಿಎ ಆಥರೈಸೇಶನ್ ಬಂದ ಮೇಲೇ ಅಪಾಯಿಂಟ್‌ಮೆಂಟ್‌ಗೆ ಹೋಗಿ, ಮುಂಚೆ ಹೋದ್ರೆ ಬಿಲ್ ನಿಮ್ಮ ತಲೆ ಮೇಲೆ. ಅರ್ಹತೆ ಇರೋರಿಗೆ ಪ್ರಯಾಣಕ್ಕೆ ಮೈಲಿಗೆ 41.5 ಸೆಂಟ್ ಲೆಕ್ಕದಲ್ಲಿ ವಾಪಸ್ ಬರತ್ತೆ, 30 ದಿನದ ಒಳಗೆ ಕೇಳ್ಬೇಕು.

ಡಿಸಬಿಲಿಟಿ ಕ್ಲೇಮ್ ಯಾಕೆ ಬೇಕು ಅಂದ್ರೆ, ದುಡ್ಡಿಗೆ ಮಾತ್ರ ಅಲ್ಲ, ಇಡೀ ಮನೆಯ ಕವರೇಜ್ ಇದರ ಮೇಲೆ ನಿಂತಿರತ್ತೆ. ಪಿಟಿಎಸ್‌ಡಿಗೆ 0, 10, 30, 50, 70, 100 ಅಂತ ರೇಟಿಂಗ್ ಕೊಡ್ತಾರೆ. 50 ಅಥವಾ ಮೇಲೆ ಬಂದ್ರೆ ಪ್ರಯಾರಿಟಿ ಗ್ರೂಪ್ 1, ಕೋಪೇ (ಪ್ರತಿ ಸಲ ನೀವು ಕೊಡೋ ಪಾಲು) ಇರಲ್ಲ, ಮಾತ್ರೆಗೂ ಇಲ್ಲ. ಮಾಡ್ಬೇಕಾದ ಮೊದಲ ಕೆಲಸ ಇಂಟೆಂಟ್ ಟು ಫೈಲ್ (ಕ್ಲೇಮ್ ಹಾಕ್ತೀನಿ ಅಂತ ಮುಂಚೆ ತಿಳಿಸೋದು) ಹಾಕೋದು, ಅದು ಹಾಕಿದ ದಿನದಿಂದ ಒಂದು ವರ್ಷ ಟೈಮ್ ಸಿಗತ್ತೆ, ಆಮೇಲೆ ಕ್ಲೇಮ್ ಪಾಸಾದ್ರೆ ದುಡ್ಡು ಆ ಹಳೇ ತಾರೀಖಿಂದಲೇ ಲೆಕ್ಕ. ಫಾರ್ಮ್ 21-0781ರಲ್ಲಿ ಏನಾಯ್ತು ಅಂತ ಬರೀಬೇಕು. ಒಂದೇ ಸಲ ಕೂತು ಬರೆಯೋಕಾಗಲ್ಲ, ಬರೆಯೋವಾಗ ಮತ್ತೆ ಎಲ್ಲಾ ಎದ್ದು ಬರತ್ತೆ, ಹಾಗಾಗಿ ಸ್ವಲ್ಪ ಸ್ವಲ್ಪ ಬರೀಲಿ, ಆ ದಿನ ಪಕ್ಕದಲ್ಲಿ ಯಾರಾದ್ರೂ ಇರಿ. ಶತ್ರು ದಾಳಿಯ ಭಯದಿಂದ ಆಗಿದ್ದು ಅಂದ್ರೆ, 2010ರ ನಿಯಮದ ಪ್ರಕಾರ ಅಲ್ಲಿದ್ದದ್ದು ಸರ್ವಿಸ್ ರೆಕಾರ್ಡ್‌ಗೆ ಹೊಂದಿಕೊಂಡು ವಿಎ ಸೈಕಾಲಜಿಸ್ಟ್ ಒಪ್ಪಿದ್ರೆ ಆ ಘಟನೆಗೆ ಬೇರೆ ಸಾಕ್ಷಿ ಕೇಳಲ್ಲ. ಮನೆಯವರು ಫಾರ್ಮ್ 21-10210ರಲ್ಲಿ ತಾವು ಕಂಡಿದ್ದನ್ನ ಬರೆದು ಕೊಡ್ಬಹುದು. ಬಹಳ ಒಳ್ಳೇ ಗಂಡ ಆದ್ರೆ ಕಷ್ಟದಲ್ಲಿದ್ದಾರೆ ಅಂತ ಬರೀಬೇಡಿ, ವಾರದಲ್ಲಿ ಎಷ್ಟು ರಾತ್ರಿ ಎದ್ದು ಬಾಗಿಲು ಚೆಕ್ ಮಾಡ್ತಾರೆ, ಯಾವ ಕೆಲಸ ಯಾಕೆ ಬಿಟ್ರು, ಮಗುವಿನ ಸ್ಕೂಲ್ ಕಾರ್ಯಕ್ರಮಕ್ಕೆ ಯಾವತ್ತಿಂದ ಬಂದಿಲ್ಲ, ಹೀಗೆ ಬರೀರಿ.

ಆಮೇಲೆ ಸಿ ಅಂಡ್ ಪಿ ಎಕ್ಸಾಂ (ಕ್ಲೇಮ್‌ಗೋಸ್ಕರ ವಿಎ ಮಾಡಿಸೋ ವೈದ್ಯಕೀಯ ಪರೀಕ್ಷೆ) ಅಂತ ಕರೀತಾರೆ, ತಪ್ಪಿಸ್ಲೇಬಾರ್ದು. ನಮ್ಮ ಮನೆಗಳಲ್ಲಿ ಯಾರೇ ಕೇಳಿದ್ರೂ ಚೆನ್ನಾಗಿದ್ದೀನಿ ಅನ್ನೋದೇ ಅಭ್ಯಾಸ, ಪರೀಕ್ಷೆ ಮಾಡೋರ ಮುಂದೆನೂ ಶೇವ್ ಮಾಡ್ಕೊಂಡು ನಗ್ತಾ ಹೋಗಿ ಪರವಾಗಿಲ್ಲ ಅಂದ್ಬಿಡ್ತಾರೆ, ಅವರು ಹಾಗೇ ಬರ್ಕೊಳ್ತಾರೆ. ಸುಳ್ಳು ಹೇಳ್ಬೇಕಿಲ್ಲ, ತುಂಬಾ ಕೆಟ್ಟ ದಿನ ಹೇಗಿರತ್ತೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಸಾಕು.

ಈ ಅರ್ಜಿ ಹಾಕೋಕೆ ಯಾರಿಗೂ ದುಡ್ಡು ಕೊಡ್ಬೇಡಿ. ಡಿಎವಿ, ವಿಎಫ್‌ಡಬ್ಲ್ಯೂ, ಅಮೆರಿಕನ್ ಲೀಜನ್ ಅನ್ನೋ ವೆಟರನ್ ಸಂಘಗಳ ಅಕ್ರೆಡಿಟೆಡ್ ಪ್ರತಿನಿಧಿಗಳು ಫ್ರೀಯಾಗಿ ಮಾಡಿಕೊಡ್ತಾರೆ, ಮೊದಲನೇ ಕ್ಲೇಮ್ ತಯಾರಿಗೆ ಫೀಸ್ ತಗೊಳ್ಳೋದು ಕಾನೂನಿಗೆ ವಿರುದ್ಧ. 100 ಪರ್ಸೆಂಟ್ ಗ್ಯಾರಂಟಿ, ಬಂದ ದುಡ್ಡಲ್ಲಿ ಇಷ್ಟು ಕೊಡಿ ಅಂತ ಬರೋ ಫೋನ್ ಕಟ್ ಮಾಡಿ.

ಚಾಂಪ್‌ವಿಎ

ವೆಟರನ್‌ಗೆ ಬಂದ ಡಿಸಿಶನ್ ಲೆಟರಲ್ಲಿ ಪರ್ಮನೆಂಟ್ ಅಂಡ್ ಟೋಟಲ್ (ಶಾಶ್ವತ, ಪೂರ್ತಿ ಡಿಸಬಿಲಿಟಿ) ಅಂತ ಇದ್ಯಾ ನೋಡಿ. ಇದ್ರೆ, ಟ್ರೈಕೇರ್ ಸಿಗದ ಹೆಂಡ್ತಿ/ಗಂಡ ಮಕ್ಕಳಿಗೆ ಚಾಂಪ್‌ವಿಎ ಸಿಗತ್ತೆ, ಸರ್ವಿಸ್‌ಗೆ ಸಂಬಂಧಪಟ್ಟ ಕಾಯಿಲೆಯಿಂದ ವೆಟರನ್ ತೀರಿಕೊಂಡಿದ್ರೂ ಸಿಗತ್ತೆ. ಫಾರ್ಮ್ 10-10ಡಿ, ಜೊತೆಗೆ ಬೇರೆ ಇನ್ಶೂರೆನ್ಸ್ ಇದ್ಯಾ ಅಂತ ಹೇಳೋ 10-7959ಸಿ. ವರ್ಷಕ್ಕೆ ಒಬ್ರಿಗೆ 50 ಡಾಲರ್, ಮನೆಗೆಲ್ಲಾ ಸೇರಿ 100 ಡಾಲರ್ ಡಿಡಕ್ಟಿಬಲ್ (ಮೊದಲು ನೀವೇ ಕೊಡೋದು), ಆಮೇಲೆ 25 ಪರ್ಸೆಂಟ್ ನಿಮ್ಮದು, ವರ್ಷಕ್ಕೆ 3,000 ಡಾಲರ್ ದಾಟಿದ್ರೆ ಮುಂದಿಂದು ಅವರೇ ಕೊಡ್ತಾರೆ. ಮಾಮೂಲಿ ಇನ್ಶೂರೆನ್ಸ್ ಹಾಗೆ ನೆಟ್‌ವರ್ಕ್ ಲಿಸ್ಟ್ ಇರಲ್ಲ, ಥೆರಪಿಸ್ಟ್‌ಗೆ ಫೋನ್ ಮಾಡಿ ಚಾಂಪ್‌ವಿಎ ತಗೊಳ್ತೀರಾ ಅಂತ ನೀವೇ ಕೇಳ್ಬೇಕು, ಟ್ರೈಕೇರ್ ಅಂತ ತಪ್ಪು ತಿಳ್ಕೊಳ್ತಾರೆ, ಎರಡೂ ಬೇರೆ ಅಂತ ಬಿಡಿಸಿ ಹೇಳಿ.

ಚಾಂಪ್‌ವಿಎನೂ ಇಲ್ಲ ಟ್ರೈಕೇರೂ ಇಲ್ಲ ಅನ್ನೋ ಮನೆಯವರಿಗೆ ವೆಟ್ ಸೆಂಟರ್ ಇದೆ, 9/11 ಆದ್ಮೇಲೆ ಸೇವೆ ಮಾಡಿದೋರ ಮನೆಯವರಿಗೆ ಕೋಹೆನ್ ವೆಟರನ್ಸ್ ನೆಟ್‌ವರ್ಕ್‌ನ ಕ್ಲಿನಿಕ್ ಇದೆ. ಮನೆಯವರನ್ನ ಕಳ್ಕೊಂಡೋರಿಗೆ 1994ರಿಂದ ಇರೋ ಟ್ಯಾಪ್ಸ್ ಸಂಸ್ಥೆ, 800-959-8277. ತೀರಿಕೊಂಡಿದ್ದು ಹೇಗೆ ಅಂತ ಅವರು ಭೇದ ಮಾಡಲ್ಲ, ಆತ್ಮಹತ್ಯೆ ಆಗಿದ್ರೂ ಅಷ್ಟೇ ಗೌರವದಿಂದ ಮಾತಾಡ್ತಾರೆ.

ವಾಪಸ್ ಊರಿಗೆ ಹೋಗಿ ನೆಲೆಸಿದ್ರೆ

ವೆಟರನ್ ಭಾರತಕ್ಕೆ ಹೋಗಿ ಇದ್ರೂ, ಪಿಟಿಎಸ್‌ಡಿ ಸರ್ವಿಸ್‌ನಿಂದ ಬಂದಿದ್ದು ಅಂತ ರೇಟಿಂಗ್ ಇದ್ರೆ ಆ ಟ್ರೀಟ್‌ಮೆಂಟ್ ಖರ್ಚನ್ನ ವಿಎಯ ಫಾರಿನ್ ಮೆಡಿಕಲ್ ಪ್ರೋಗ್ರಾಂ ಕೊಡತ್ತೆ. ಹೋಗೋಕೆ ಮುಂಚೆನೇ ರಿಜಿಸ್ಟರ್ ಮಾಡ್ಕೊಳ್ಳಿ, ಅಲ್ಲಿ ಡಾಕ್ಟರ್ ಬಿಲ್‌ನಲ್ಲಿ ಡಯಾಗ್ನೋಸಿಸ್, ತಾರೀಖು, ಏನು ಮಾಡಿದ್ರು ಅಂತ ಬರೆಸ್ಕೊಳ್ಳಿ. ಇದು ವೆಟರನ್‌ಗೆ ಮಾತ್ರ.

ಇಲ್ಲ ಅಂತ ಲೆಟರ್ ಬಂದ್ರೆ

ಬರತ್ತೆ, ಬಹಳ ಜನಕ್ಕೆ ಬರತ್ತೆ, ಅಲ್ಲಿಗೇ ಮುಗೀತು ಅಂತ ಕೂರ್ಬೇಡಿ. ವಿಎ ಕ್ಲೇಮ್ ತಿರಸ್ಕಾರ ಆದ್ರೆ ಲೆಟರಿನ ತಾರೀಖಿಂದ ಒಂದು ವರ್ಷದೊಳಗೆ ಮೂರು ದಾರಿ. ಹೊಸ ಸಾಕ್ಷಿ ಇದ್ರೆ ಸಪ್ಲಿಮೆಂಟಲ್ ಕ್ಲೇಮ್, 20-0995. ಇದ್ದ ಕಾಗದವನ್ನೇ ಸರಿಯಾಗಿ ನೋಡಿಲ್ಲ ಅನ್ನಿಸಿದ್ರೆ ಹೈಯರ್ ಲೆವೆಲ್ ರಿವ್ಯೂ, 20-0996, ಇದಕ್ಕೆ ಹೊಸ ಸಾಕ್ಷಿ ಸೇರಿಸೋ ಹಾಗಿಲ್ಲ. ಮೂರನೇದು ಜಡ್ಜ್ ನೋಡೋ ಬೋರ್ಡ್ ಅಪೀಲು, 10182. ನನ್ನ ಅಭಿಪ್ರಾಯದಲ್ಲಿ ಮನೆಯವರ ಹೇಳಿಕೆ ಮೊದಲ ಸಲ ಹಾಕಿಲ್ದೇ ಇದ್ರೆ, ಟ್ರೀಟ್‌ಮೆಂಟ್ ಈಗಷ್ಟೇ ಶುರು ಆಗಿದ್ರೆ, ಸಪ್ಲಿಮೆಂಟಲ್ಲೇ ಸರಿ.

ಟ್ರೈಕೇರ್ ಬೇಡ ಅಂದಿದ್ರೆ ಟೈಮ್ ಇನ್ನೂ ಕಮ್ಮಿ. ವೈದ್ಯಕೀಯವಾಗಿ ಅಗತ್ಯ ಇಲ್ಲ ಅಂತ ಅಂದಿದ್ರೆ 90 ದಿನ, ಟ್ರೀಟ್‌ಮೆಂಟ್ ತುರ್ತಾಗಿ ಬೇಕಿದ್ರೆ ಎಕ್ಸ್‌ಪೆಡೈಟೆಡ್ ಅಂತ ಕೇಳ್ಬೇಕು, ಅದಕ್ಕೆ ಮೂರೇ ದಿನ. ಹಾಗಾಗಿ ಕವರ್ ಬಂದ ದಿನವೇ ಒಡೆದು ನೋಡಿ, ಮೇಲಿರೋ ತಾರೀಖಿಗೆ ಸುತ್ತು ಹಾಕಿ, ಥೆರಪಿಸ್ಟ್‌ಗೆ ಅದರ ಫೋಟೋ ಕಳಿಸಿ ಇದು ಯಾಕೆ ಬೇಕು ಅಂತ ಅವರಿಂದ ಒಂದು ಲೆಟರ್ ಬರೆಸ್ಕೊಳ್ಳಿ, ಅಪೀಲಿನ ಜೊತೆ ಆ ಲೆಟರು, ತಿರಸ್ಕಾರದ ಕಾಪಿ ಎರಡನ್ನೂ ಸೇರಿಸಿ ಕಳಿಸಿ, ಕಳಿಸಿದ್ದಕ್ಕೆ ರಸೀದಿ ಇಟ್ಕೊಳ್ಳಿ. ಇದು ನಡೀತಿರೋವಾಗ ವೆಟ್ ಸೆಂಟರ್‌ಗೆ ಹೋಗೋದನ್ನ ಮಾತ್ರ ನಿಲ್ಲಿಸ್ಬೇಡಿ.